ಅಟ್ಟದ ಮೇಲಿನ ಕಪ್ಪು ಸುಂದರಿಗೆ ಮರುಜೀವ

ಅಜ್ಜಿಯೋ, ಅಮ್ಮನೋ, ಅತ್ತೆಯೋ ತುಳಿಯುತ್ತಿದ್ದ ಹೊಲಿಗೆ ಯಂತ್ರ ನಿಮ್ಮ ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆಯೇ? ಗುಜರಿಯವನನ್ನು ಕರೆಯುವ ಮುನ್ನ ಸ್ವಲ್ಪ ತಡೆಯಿರಿ. ನಾಲ್ಕು ಮಧ್ಯಾಹ್ನ, ಒಂದು ಬಾಟಲಿ ಎಣ್ಣೆ, ಒಂದಿಷ್ಟು ತಾಳ್ಮೆ ಇದ್ದರೆ ಅದನ್ನು ನೀವೇ ಮತ್ತೆ ಓಡಿಸಬಹುದು!

ಮನೆ ಬದಲಾಯಿಸುವಾಗ, ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಈ ಮಾತು ಎಷ್ಟೋ ಮನೆಗಳಲ್ಲಿ ಬಂದೇ ಬರುತ್ತದೆ. ‘ಈ ಹಳೇ ಮೆಷಿನ್ ಇನ್ನೂ ಯಾಕೆ ಇಟ್ಕೊಂಡಿದ್ದೀಯಾ? ಜಾಗ ದಂಡ. ಕೆಜಿ ಲೆಕ್ಕದಲ್ಲಿ ಕೊಟ್ಟು ಕಳಿಸು’ ಎನ್ನುತ್ತಾರೆ ಯಜಮಾನರು. ಕೊಡಲು ಮನಸ್ಸಿಲ್ಲ, ಇಟ್ಟುಕೊಂಡರೆ ಉಪಯೋಗವಿಲ್ಲ. ಕೊನೆಗೆ ಅದರ ಮೇಲೊಂದು ಹೂಕುಂಡ ಇಟ್ಟು, ಕಸೂತಿಯ ಬಟ್ಟೆ ಹೊದಿಸಿ ‘ಶೋಪೀಸ್’ ಮಾಡಿಬಿಡುತ್ತೇವೆ.

ಆದರೆ ಈ ಕಪ್ಪು ಯಂತ್ರ ಬರೀ ಶೋಪೀಸ್ ಅಲ್ಲ. ಎಷ್ಟೋ ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳ ಸ್ಕೂಲ್ ಫೀಸು, ಚೀಟಿಯ ಕಂತು, ಒಂದು ಜೊತೆ ಓಲೆ ಬಂದದ್ದು ಇದರಿಂದಲೇ. ಮಧ್ಯಾಹ್ನದ ಹೊತ್ತು ಅಕ್ಕಪಕ್ಕದವರ ರವಿಕೆ, ಲಂಗ ಹೊಲಿದು ಹೆಣ್ಣುಮಕ್ಕಳು ತಮ್ಮದೇ ಅಂತ ನಾಲ್ಕು ಕಾಸು ನೋಡಿದ್ದು ಈ ಪೆಡಲ್ ತುಳಿದೇ. 2020ರ ಲಾಕ್‌ಡೌನ್‌ನಲ್ಲಿ ಮಾಸ್ಕ್ ಹೊಲಿಯಲು ಅನೇಕರು ಹುಡುಕಿದ್ದು ಇದೇ ಯಂತ್ರವನ್ನು.

ಯಂತ್ರಗಳ ಬಗ್ಗೆ ಅಷ್ಟೇನೂ ಒಲವಿಲ್ಲದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುತ್ತಾ ದಣಿಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದ, ಇದರ ಹಿಂದೆ ಪ್ರೀತಿ ಇದೆ ಎಂಬುದು ಅವರ ವಾದವಾಗಿತ್ತು.

ಹಳೆಯದು ಯಾಕೆ ಗಟ್ಟಿ?

ಐಸಾಕ್ ಸಿಂಗರ್ ಅಮೆರಿಕದಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಸ್ಕಾಟ್‌ಲೆಂಡ್‌ನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್‌ನ ದೊಡ್ಡ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯಂತ್ರಗಳು ಇವತ್ತಿಗೂ ಹೊಲಿಯುತ್ತಿವೆ! ನಮ್ಮ ‘ಉಷಾ’ 1930ರ ದಶಕದ ಮಧ್ಯಭಾಗದಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ್ದು.

ಈ ಯಂತ್ರಗಳ ಮೈ ಎರಕದ ಕಬ್ಬಿಣ, ಒಳಗಿನ ಭಾಗಗಳು ಉಕ್ಕು. ಪ್ಲಾಸ್ಟಿಕ್ ಗೇರ್ ಇಲ್ಲ, ಸುಟ್ಟುಹೋಗಲು ಸರ್ಕ್ಯೂಟ್ ಇಲ್ಲ. ಹಾಗಾಗಿ ‘ಕೆಟ್ಟುಹೋಗಿದೆ’ ಎಂದು ಮೂಲೆಗೆ ತಳ್ಳಿದ ಎಷ್ಟೋ ಯಂತ್ರಗಳು ನಿಜವಾಗಿ ಕೆಟ್ಟಿರುವುದಿಲ್ಲ. ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ. ದೇಸೀ ಕಪ್ಪು ಯಂತ್ರಗಳಲ್ಲಿ ಬಹುಪಾಲು ಸಿಂಗರ್‌ನ ಒಂದೇ ಹಳೆಯ ಮಾದರಿಯನ್ನು ಅನುಸರಿಸಿದವು. ಹಾಗಾಗಿ ಬಾಬಿನ್, ಬಾಬಿನ್ ಕೇಸ್, ಸೂಜಿ, ಬೆಲ್ಟ್ ಈಗಲೂ ಸಿಗುತ್ತವೆ. ಪಂಜಾಬಿನ ಲೂಧಿಯಾನದಲ್ಲಿ ಇವುಗಳ ಬಿಡಿಭಾಗ ಮಾಡುವುದೇ ಒಂದು ದೊಡ್ಡ ಉದ್ಯಮ. ನಿಮ್ಮೂರಿನ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಹಳೆಯ ಭಾಗವನ್ನು ಪರ್ಸಿನಲ್ಲಿ ಹಾಕಿಕೊಂಡೇ ಹೋಗಿ, ಪಕ್ಕದಲ್ಲಿಟ್ಟು ನೋಡಿ ತನ್ನಿ.

ಒಂದು ಮಾತು ಮೊದಲೇ ಹೇಳಬೇಕು. ಇದು ನೇರ ಹೊಲಿಗೆ ಮಾತ್ರ ಹಾಕುವ ಯಂತ್ರ. ಸೀರೆಗೆ ಪಿಕೋ, ಜಿಗ್‌ಜಾಗ್ ಇದರಲ್ಲಿ ಆಗುವುದಿಲ್ಲ. ಎಳೆದರೆ ಹಿಗ್ಗುವ ಟೀ-ಶರ್ಟ್ ಬಟ್ಟೆಗೂ ಅಷ್ಟು ಸರಿಹೋಗದು. ಆದರೆ ರವಿಕೆ, ಲಂಗ, ದಿಂಬಿನ ಕವರ್, ಪರದೆ, ಬಟ್ಟೆ ಚೀಲ, ಹರಿದ ಜೀನ್ಸ್‌ಗೆ ಇದಕ್ಕಿಂತ ಬೇಕೇ? ಕರೆಂಟೂ ಬೇಡ!

ಶುರು ಮಾಡುವ ಮುನ್ನ

ಯಂತ್ರ ಯಾರದು ಎಂದು ಮೊದಲು ಯೋಚಿಸಿ. ಅತ್ತೆಯದೋ ಅಮ್ಮನದೋ ಆಗಿದ್ದರೆ ಅವರನ್ನು ಒಂದು ಮಾತು ಕೇಳಿ. ‘ಅತ್ತೆ, ನಿಮ್ಮ ಮೆಷಿನ್ ಸರಿಮಾಡ್ಲಾ? ನೀವು ಹೇಳಿಕೊಡ್ತೀರಾ?’ ಎಂದು ಕೇಳಿ ನೋಡಿ. ಎಣ್ಣೆ ಎಲ್ಲಿ ಬಿಡಬೇಕು, ಅದು ಯಾವಾಗ ಹಟ ಮಾಡುತ್ತದೆ ಎಂಬುದೆಲ್ಲ ಅವರಿಗೇ ಚೆನ್ನಾಗಿ ಗೊತ್ತು. ಹೇಳದೆ ಕೇಳದೆ ಬಿಚ್ಚಿ ಹರಡಿದರೆ ಅವರ ಮನಸ್ಸಿಗೆ ನೋವಾದೀತು.

ಬೇಕಾಗುವ ಸಾಮಾನು ಇಷ್ಟೇ: ಹೊಲಿಗೆ ಯಂತ್ರದ ಎಣ್ಣೆ, ಸ್ವಲ್ಪ ಸೀಮೆಎಣ್ಣೆ, ಹಳೇ ಟೂತ್‌ಬ್ರಷ್, ಹಳೇ ಬನಿಯನ್ ಬಟ್ಟೆ, ಹಲ್ಲುಕಡ್ಡಿ, ದೊಡ್ಡದೊಂದು ಚಿಕ್ಕದೊಂದು ಸ್ಕ್ರೂಡ್ರೈವರ್, ಹಳೇ ದಿನಪತ್ರಿಕೆ, ಸ್ಕ್ರೂಗಳನ್ನು ಇಡಲು ಒಂದು ಸ್ಟೀಲ್ ತಟ್ಟೆ. ಸ್ಕ್ರೂಡ್ರೈವರ್‌ನ ತುದಿ ಸ್ಕ್ರೂವಿನ ಗೀರಿನಲ್ಲಿ ಪೂರ್ತಿ ಕೂರುವಂತಿರಲಿ. ಈ ಯಂತ್ರಗಳ ಸ್ಕ್ರೂ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯದಲ್ಲ. ತಲೆ ಸವೆದರೆ, ಕಳೆದುಹೋದರೆ ಅಂಥದ್ದೇ ಹುಡುಕುವುದು ಕಷ್ಟ.

ಮೊಬೈಲ್ ಪಕ್ಕದಲ್ಲಿರಲಿ. ಒಂದೊಂದು ಭಾಗ ಬಿಚ್ಚುವ ಮೊದಲೂ ಒಂದು ಫೋಟೊ ತೆಗೆಯಿರಿ. ಮತ್ತೆ ಜೋಡಿಸುವಾಗ ‘ಇದು ಎಲ್ಲಿತ್ತು ರಾಮಾ!’ ಎಂದು ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ.

ಮೊದಲ ಮಧ್ಯಾಹ್ನ: ನೋಡಿ, ಗುಡಿಸಿ

ಮೊದಲು ಬೆಲ್ಟ್ ಕಳಚಿ. ಸೂಜಿ ತೆಗೆಯಿರಿ. ಸೂಜಿ ಯಾವ ಮುಖವಾಗಿ ಕೂತಿತ್ತು ಅಂತ ಫೋಟೊ ಇರಲಿ. ಈಗ ಬಲಬದಿಯ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ. ತಿರುಗಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ಬಲ ಹಾಕಬೇಡಿ, ಸುತ್ತಿಗೆ ಅಂತೂ ಮುಟ್ಟಲೇಬೇಡಿ. ಎರಕದ ಕಬ್ಬಿಣ ಭಾರ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಸೀಳಿಬಿಡುತ್ತದೆ. ಮೈಯಲ್ಲಿ ಎಲ್ಲಾದರೂ ಬಿರುಕು ಇದೆಯೇ ನೋಡಿ. ದೊಡ್ಡ ಬಿರುಕಿದ್ದರೆ, ಶಟಲ್ಲೇ ಕಾಣೆಯಾಗಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸುವುದು ವಾಸಿ.

ಚಕ್ರ ತಿರುಗುತ್ತದೆ, ಆದರೆ ಸೂಜಿಯ ಕಡ್ಡಿ ಅಲುಗುವುದಿಲ್ಲವೇ? ಗಾಬರಿ ಬೇಡ. ಚಕ್ರದ ನಡುವಿನ ಗುಂಡನೆಯ ತಿರುಪು ಸಡಿಲವಾಗಿರಬಹುದು. ಬಾಬಿನ್ ಸುತ್ತುವಾಗ ಸೂಜಿ ಓಡದಿರಲಿ ಎಂದು ಸಡಿಲಿಸುವ ತಿರುಪು ಅದು. ಬಿಗಿ ಮಾಡಿ ನೋಡಿ. ಆಗಲೂ ಹಿಡಿಯದಿದ್ದರೆ ಒಳಗಿನ ವಾಷರ್ ತಿರುವುಮುರುವು ಕೂತಿರುತ್ತದೆ. ಅದನ್ನು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಸರಿಯಾಗುವುದುಂಟು.

ಇನ್ನು ಸೂಜಿಯ ಕೆಳಗಿನ ತಟ್ಟೆ ಬಿಚ್ಚಿ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಮಧ್ಯೆ ನೋಡಿದರೆ ನಿಮಗೇ ಆಶ್ಚರ್ಯವಾದೀತು. ದಾರದ ಜುಂಗು, ಧೂಳು ಎಲ್ಲ ಸೇರಿ ಕಂಬಳಿಯಂತೆ ಗಟ್ಟಿಯಾಗಿರುತ್ತದೆ! ಹಲ್ಲುಕಡ್ಡಿ, ಬ್ರಷ್‌ನಿಂದ ಎಬ್ಬಿಸಿ ತೆಗೆಯಿರಿ. ಬಾಬಿನ್ ಕೇಸ್, ಶಟಲ್ ಕೂಡ ತೆಗೆದು ಒರೆಸಿ. ಹೊಲಿಗೆ ತಪ್ಪುವುದು, ದಾರ ಸಿಕ್ಕಾಗುವುದು ಇಂಥ ತೊಂದರೆಗೆ ಎಷ್ಟೋ ಸಲ ಈ ಕಸವೇ ಕಾರಣ.

ಎರಡನೇ ಮಧ್ಯಾಹ್ನ: ಎಣ್ಣೆಯ ಸ್ನಾನ

ಬಾಣಲೆಯ ಹಿಂಭಾಗ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೋಡಿದ್ದೀರಲ್ಲ? ಅಡುಗೆ ಎಣ್ಣೆ ಗಾಳಿಗೆ ಒಡ್ಡಿಕೊಂಡು ಹಳದಿ ಅಂಟಾಗಿ ಕೂತಿರುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ರಿಫೈನ್ಡ್ ಎಣ್ಣೆ ಹಾಕಿದ ಹೊಲಿಗೆ ಯಂತ್ರದ ಒಳಗೂ ಇದೇ ಗತಿ. ಆ ಹೊತ್ತಿಗೆ ಸಲೀಸಾಗಿ ಓಡುತ್ತದೆ, ಕಾಲ ಕಳೆದಂತೆ ಅಂಟಿಕೊಂಡು ನಿಲ್ಲುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಖನಿಜ ಎಣ್ಣೆ. ಅದು ಹೀಗೆ ಅಂಟಾಗುವುದಿಲ್ಲ. ಆದ್ದರಿಂದ ಅದನ್ನೇ ಬಳಸಿ.

ಯಂತ್ರದ ತಲೆಯನ್ನು ಹಿಂದಕ್ಕೆ ಮಲಗಿಸಬೇಕು. ಅದಕ್ಕೂ ಮೊದಲು ಹಿಂಬದಿಯ ಎರಡು ಕೀಲುಗಳ ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಸಡಿಲವಿದ್ದರೆ ಅಷ್ಟು ಭಾರದ ಕಬ್ಬಿಣ ಕಾಲ ಮೇಲೆ ಬೀಳುತ್ತದೆ! ಹಿಂದೆ ದಿಂಬೋ ಮಣೆಯೋ ಆಧಾರ ಕೊಡಿ. ಮೇಲಿನ ರಂಧ್ರಗಳು, ಎಡಬದಿಯ ತಟ್ಟೆಯ ಒಳಗೆ, ಕೆಳಗಿನ ಕೀಲುಗಳು, ಹೀಗೆ ಲೋಹಕ್ಕೆ ಲೋಹ ಉಜ್ಜುವ ಕಡೆಯೆಲ್ಲ ಎರಡು ಹನಿ ಸೀಮೆಎಣ್ಣೆ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಯಂತ್ರದ ಎಣ್ಣೆಯನ್ನೇ ಧಾರಾಳವಾಗಿ ಬಿಟ್ಟು ಒಂದೆರಡು ದಿನ ಕಾಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆಯಾಗಲೀ ದೇವರ ದೀಪವಾಗಲೀ ಉರಿಯುತ್ತಿರಬಾರದು.

ಒಂದು ಗಂಟೆ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಜಿಡ್ಡು ಕರಗಿ ಕಂದು ಬಣ್ಣದಲ್ಲಿ ಇಳಿಯುತ್ತದೆ. ಒರೆಸಿ, ಮತ್ತೆ ಬಿಡಿ. ಬಹಳ ಬಿಗಿ ಇದ್ದರೆ ರಾತ್ರಿಯಿಡೀ ಹಾಗೇ ಬಿಡಿ. ಮೊಂಡು ಜಾಗಕ್ಕೆ ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಸಹಾಯ ಮಾಡುತ್ತದೆ. ಆದರೆ ಸೀಮೆಎಣ್ಣೆ ಹಾಕಿದ ದಿನ ಡ್ರೈಯರ್ ಬೇಡವೇ ಬೇಡ, ಬೆಂಕಿಯ ಅಪಾಯ ಇದೆ. ಅದನ್ನು ಸೀಮೆಎಣ್ಣೆ ಬಿಡುವ ಮೊದಲೇ ಮಾಡಿಕೊಳ್ಳಿ.

ಚಕ್ರ ಹಗುರವಾಗಿ ತಿರುಗತೊಡಗಿದ ಮೇಲೆ ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ. ಅದು ತೊಳೆಯುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ನಂತರ ಪ್ರತಿ ಕೀಲಿಗೂ ಒಂದೊಂದು ಹನಿ ಯಂತ್ರದ ಎಣ್ಣೆ. ಬೆಲ್ಟ್, ಬಾಬಿನ್ ಸುತ್ತುವ ರಬ್ಬರ್ ರಿಂಗ್, ದಾರ ಹಿಡಿಯುವ ಟೆನ್ಶನ್ ತಟ್ಟೆ ಈ ಮೂರಕ್ಕೆ ಮಾತ್ರ ಎಣ್ಣೆ ತಾಗಬಾರದು.

ಮೂರನೇ ಮಧ್ಯಾಹ್ನ: ಮೈ ಒರೆಸಿ, ತುಕ್ಕು ತೆಗೆಯಿರಿ

ಕಪ್ಪು ಮೈಮೇಲಿನ ಬಂಗಾರದ ಬಳ್ಳಿ, ಹೂವು ಈ ಯಂತ್ರದ ಒಡವೆ. ಹೊಳಪು ಬರಲಿ ಎಂದು ತಿಕ್ಕಲು ಹೋದರೆ ಕ್ಷಣದಲ್ಲಿ ಮಾಯ! ಹಳೆಯ ಯಂತ್ರಗಳ ಮೇಲ್ಪದರಕ್ಕೆ ಬಳಸುತ್ತಿದ್ದುದು ಅರಗಿನ ಮೆರುಗು. ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ. ಹಾಗಾಗಿ ಥಿನ್ನರ್, ನೇಲ್ ಪಾಲಿಶ್ ರಿಮೂವರ್, ಗಾಜು ಒರೆಸುವ ದ್ರಾವಣ ಯಾವುದೂ ಬೇಡ. ಕೊರೊನಾ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಕೂಡ ಬೇಡ. ಪಾತ್ರೆ ಪುಡಿ, ಹುಣಸೆಹಣ್ಣು, ಬೂದಿಯನ್ನಂತೂ ಹತ್ತಿರ ತರಬೇಡಿ. ಮೆತ್ತನೆ ಬನಿಯನ್ ಬಟ್ಟೆಗೆ ಯಂತ್ರದ ಎಣ್ಣೆ ಹಚ್ಚಿ ಹಗುರವಾಗಿ ಒರೆಸಿ. ಮೊದಲು ಹಿಂಬದಿಯ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಬಟ್ಟೆಗೆ ಬಂಗಾರದ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಹೊಳೆಯುವ ಉಕ್ಕಿನ ಭಾಗಗಳ ತುಕ್ಕಿಗೆ ಅತಿ ನಯವಾದ ಸ್ಟೀಲ್ ವೂಲ್‌ಗೆ ಎಣ್ಣೆ ಹಚ್ಚಿ ಉಜ್ಜಿ. ಪಾತ್ರೆ ತಿಕ್ಕುವ ಒರಟು ಸ್ಕ್ರಬ್ಬರ್ ಗೀರು ಹಾಕುತ್ತದೆ. ನೀರು ಬಳಸಬೇಡಿ.

ಕೆಳಗಿನ ಕಬ್ಬಿಣದ ಸ್ಟ್ಯಾಂಡ್‌ಗೆ ಬಣ್ಣ ಹೊಡೆಯಬೇಕೆಂದರೆ ಒಂದು ಎಚ್ಚರಿಕೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಿಂದ. ಸೀಸದ ಧೂಳು ಮಕ್ಕಳ ಮೆದುಳಿಗೆ, ಬಸುರಿಯರಿಗೆ ಬಹಳ ಕೆಟ್ಟದ್ದು. ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬೇಡಿ. ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ ಉಜ್ಜಿ. ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಮಾಡಿ. ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಎನಾಮೆಲ್ ಬಣ್ಣ. ಇದಕ್ಕೆ ಯಂತ್ರದ ತಲೆಯನ್ನು ಕಳಚಿ ಕೆಳಗಿಡಬೇಕು. ಒಬ್ಬರೇ ಎತ್ತಬೇಡಿ, ಸೊಂಟ ಹಿಡಿದೀತು!

ಪೆಡಲ್‌ನ ಎರಡೂ ಬದಿ, ದೊಡ್ಡ ಚಕ್ರದ ನಡುವೆ, ಅವೆರಡನ್ನೂ ಜೋಡಿಸುವ ಉದ್ದನೆಯ ಕಡ್ಡಿಯ ಕೀಲಿಗೆ ಎಣ್ಣೆ ಬಿಡಿ. ತುಳಿದಾಗ ‘ಟಕ್ ಟಕ್’ ಸದ್ದು ಬರುವುದು ಬಹುತೇಕ ಅಲ್ಲಿಂದಲೇ.

ನಾಲ್ಕನೇ ಮಧ್ಯಾಹ್ನ: ಬೆಲ್ಟ್, ಸೂಜಿ, ದಾರ

ಹಳೆಯ ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಅರ್ಧ ಇಂಚು ಕತ್ತರಿಸಿ, ತೂತು ಮಾಡಿ ಕ್ಲಿಪ್ ಮತ್ತೆ ಹಾಕಿ. ಬಿರುಕು ಬಿಟ್ಟಿದ್ದರೆ ಹೊಸದೇ ತನ್ನಿ. ತೀರಾ ಬಿಗಿ ಮಾಡಿದರೆ ತುಳಿಯಲು ಭಾರವಾಗಿ ಮಂಡಿ ನೋಯುತ್ತದೆ. ಜಾರದಷ್ಟು ಬಿಗಿ ಇದ್ದರೆ ಸಾಕು.

ಸೂಜಿ ಮಾತ್ರ ಹೊಸದೇ ಇರಲಿ. ಸೂಜಿಯ ತಲೆಯ ಒಂದು ಬದಿ ಚಪ್ಪಟೆ, ಎದುರು ಬದಿಯ ಉದ್ದಕ್ಕೂ ಒಂದು ಗೀರು. ದಾರ ಯಾವಾಗಲೂ ಗೀರಿನ ಕಡೆಯಿಂದ ಒಳಗೆ ಹೋಗಿ ಚಪ್ಪಟೆ ಕಡೆಯಿಂದ ಹೊರಬರಬೇಕು. ಇದು ತಿರುವುಮುರುವಾದರೆ ಹೊಲಿಗೆ ಬೀಳುವುದೇ ಇಲ್ಲ. ತೆಳು ಬಟ್ಟೆಗೆ 11, ಸಾಮಾನ್ಯ ಕಾಟನ್‌ಗೆ 14, ದಪ್ಪ ಬಟ್ಟೆಗೆ 16, ಜೀನ್ಸ್‌ಗೆ 18ನೇ ನಂಬರ್ ಸೂಜಿ.

ದಾರ ಹಾಕುವ ಮೊದಲು ಬರೀ ತುಳಿದು ಅಭ್ಯಾಸ ಮಾಡಿ. ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ ಶುರು ಮಾಡಿ, ಪಾದ ಅದರ ಲಯ ಹಿಡಿಯಲಿ. ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗುತ್ತದೆ. ಗೆರೆ ಇರುವ ನೋಟ್‌ಬುಕ್ ಹಾಳೆಯ ಮೇಲೆ ದಾರವಿಲ್ಲದೆ ಹೊಲಿದರೆ ನೇರ ಹೋಗುವುದು ಬೇಗ ಕೈಗೆ ಹತ್ತುತ್ತದೆ. ಆಮೇಲೆ ಆ ಸೂಜಿ ಮೊಂಡಾದರೆ ಬದಲಿಸಿ.

ಈಗ ಪರೀಕ್ಷೆ! ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ. ಕಾಟನ್ ಬಟ್ಟೆಯ ಎರಡು ಪದರದ ಮೇಲೆ ಹೊಲಿದು ತಿರುಗಿಸಿ ನೋಡಿ.

* ಕೆಳಗೆ ಕೆಂಪು ಚುಕ್ಕಿ ಕಂಡರೆ ಮೇಲಿನ ದಾರ ಸಡಿಲ. ಟೆನ್ಶನ್ ತಿರುಪು ಸ್ವಲ್ಪ ಬಿಗಿ ಮಾಡಿ.

* ಮೇಲೆ ಬಿಳಿ ಚುಕ್ಕಿ ಕಂಡರೆ ಮೇಲಿನ ದಾರ ಬಿಗಿ. ಸ್ವಲ್ಪ ಸಡಿಲಿಸಿ.

* ಕೆಳಗೆ ಗುಂಗುರು ಗುಂಗುರಾಗಿ ದಾರ ಕಂಡರೆ ಬಾಬಿನ್ನಿನ ತಪ್ಪಲ್ಲ. ಮೇಲಿನ ದಾರ ಟೆನ್ಶನ್ ತಟ್ಟೆಯ ನಡುವೆ ಕೂತಿಲ್ಲ. ಪಾದ ಎತ್ತಿ ದಾರ ಮತ್ತೆ ಹಾಕಿ.

* ಅಲ್ಲಲ್ಲಿ ಹೊಲಿಗೆ ತಪ್ಪಿದರೆ ಸೂಜಿ ಪೂರ್ತಿ ಮೇಲಕ್ಕೆ ಕೂತಿದೆಯೇ, ಬಗ್ಗಿದೆಯೇ ನೋಡಿ.

ಇಷ್ಟಾದರೂ ಹೊಲಿಗೆ ಬೀಳದಿದ್ದರೆ ಸೂಜಿಗೂ ಶಟಲ್‌ಗೂ ಹೊಂದಾಣಿಕೆ ತಪ್ಪಿರಬಹುದು. ಅದು ಕೈಪಳಗಿದ ಮೆಕ್ಯಾನಿಕ್ ಕೆಲಸ. ಸೂಜಿ ಕಡ್ಡಿಯನ್ನು ಹಿಡಿದಿರುವ ಸ್ಕ್ರೂವನ್ನು ಕಲಿಯುವವರು ಬಿಚ್ಚದಿರುವುದೇ ಒಳ್ಳೆಯದು. ಎಲ್ಲವನ್ನೂ ನೀವೇ ಶುಚಿ ಮಾಡಿಟ್ಟಿದ್ದರೆ ಅವರ ಕೆಲಸವೂ ಕಡಿಮೆ, ನಿಮ್ಮ ಖರ್ಚೂ ಕಡಿಮೆ.

ಇನ್ನೊಂದು ಮಾತು. ಓಡುವ ಚಕ್ರ, ಬೆಲ್ಟ್‌ಗೆ ಕರುಣೆ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಜಡೆ ಮೇಲಕ್ಕೆ ಕಟ್ಟಿ. ಪುಟ್ಟ ಮಕ್ಕಳಿಗೆ ಪೆಡಲ್ ಎಂದರೆ ಆಟದ ಸಾಮಾನು. ಕೆಲಸ ಮುಗಿದ ಕೂಡಲೇ ಬೆಲ್ಟ್ ಜಾರಿಸಿಡಿ.

ಗಮನಿಸಿ: ‘ಕೆಂಪು ಪಾದರಸ’ದ ಬಲೆ

‘ಹಳೇ ಸಿಂಗರ್ ಮೆಷಿನ್ ಇದ್ಯಾ? ಲಕ್ಷಗಟ್ಟಲೆ ಕೊಡ್ತೀವಿ’ ಎಂದು ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ. ಹಳೆಯ ಯಂತ್ರದ ಸೂಜಿಯ ಬಳಿ ‘ಕೆಂಪು ಪಾದರಸ’ ಇದೆ, ಮೊಬೈಲ್ ಹತ್ತಿರ ತಂದರೆ ಸಿಗ್ನಲ್ ಹೋಗುತ್ತದೆ ಎಂಬ ಸುಳ್ಳು ಸುದ್ದಿ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತ್ತು. ಜನ ಹಳೆಯ ಯಂತ್ರಕ್ಕೆ ಹುಚ್ಚುಹುಚ್ಚು ಬೆಲೆ ಕೊಟ್ಟರು. ಹೊಲಿಗೆ ಯಂತ್ರದಲ್ಲಿ ಯಾವ ಪಾದರಸವೂ ಇರುವುದಿಲ್ಲ. ‘ಮುಂಗಡ ಕೊಡಿ’, ‘ಪರೀಕ್ಷೆಗೆ ಹಣ ಕಟ್ಟಿ’ ಎಂದರೆ ಅದು ಮೋಸವೇ. ನಿಮ್ಮ ಯಂತ್ರದ ವಯಸ್ಸು ತಿಳಿಯುವ ಆಸೆಯೇ? ಸಿಂಗರ್ ಆಗಿದ್ದರೆ ಮೈಮೇಲಿನ ಸಂಖ್ಯೆ ನೋಡಿ. ಸಂಖ್ಯೆಯ ಮುಂದೆ ಇಂಗ್ಲಿಷ್ ಅಕ್ಷರ ಇದ್ದರೆ ಅದು 1900ರಲ್ಲಿ ಅಥವಾ ಆಮೇಲೆ ತಯಾರಾದದ್ದು, ಬರೀ ಅಂಕಿ ಇದ್ದರೆ ಅದಕ್ಕೂ ಹಿಂದಿನದು.

ಇನ್ನು ನೋಡಿಕೊಳ್ಳುವುದು ಸುಲಭ

ದಿನಾ ಬಳಸುವುದಾದರೆ ದಿನಕ್ಕೊಮ್ಮೆ, ಅಪರೂಪಕ್ಕಾದರೆ ಬಳಸುವ ಮುನ್ನ ಶಟಲ್‌ಗೆ ಒಂದು ಹನಿ ಎಣ್ಣೆ. ಎಣ್ಣೆ ಬಿಟ್ಟ ಮೇಲೆ ಮೊದಲು ಹಳೇ ಬಟ್ಟೆ ಹೊಲಿಯಿರಿ, ರೇಷ್ಮೆ ರವಿಕೆಗೆ ಕಲೆಯಾಗದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ನಿಂತು ತುಕ್ಕು ಬರುತ್ತದೆ. ಹತ್ತಿ ಬಟ್ಟೆಯೇ ಸರಿ. ತಿಂಗಳಿಗೊಮ್ಮೆಯಾದರೂ ಎರಡು ನಿಮಿಷ ಓಡಿಸಿ. ಯಂತ್ರ ಸವೆಯುವುದಕ್ಕಿಂತ ಸುಮ್ಮನೆ ನಿಂತು ಹಾಳಾಗುವುದೇ ಜಾಸ್ತಿ.

ಬೆಲ್ಟ್, ಎಣ್ಣೆ, ಸೂಜಿ, ಬಾಬಿನ್, ರಬ್ಬರ್ ರಿಂಗ್ ಎಲ್ಲ ಸೇರಿ ಖರ್ಚು ಕೆಲವು ನೂರು ರೂಪಾಯಿ. ಗುಜರಿಗೆ ಕೊಟ್ಟರೆ ಬರುವುದು ಕಬ್ಬಿಣದ ತೂಕದ ದುಡ್ಡು. ಇಟ್ಟುಕೊಂಡರೆ ಟೈಲರ್ ಅಂಗಡಿಗೆ ಹಾಕುವ ಎಷ್ಟೋ ಸುತ್ತು ತಪ್ಪುತ್ತದೆ. ಮನಸ್ಸಿದ್ದರೆ ಅಕ್ಕಪಕ್ಕದವರಿಗೆ ಬಟ್ಟೆ ಚೀಲ, ದಿಂಬಿನ ಕವರ್ ಹೊಲಿದುಕೊಟ್ಟು ನಿಮ್ಮದೇ ಆದ ಒಂದಿಷ್ಟು ದುಡಿಮೆಯೂ ಆದೀತು.

ಎಲ್ಲ ಸಿದ್ಧವಾದ ಮೇಲೆ ಒಂದು ಕೆಲಸ ಮರೆಯಬೇಡಿ. ಆ ಯಂತ್ರದ ಒಡತಿ ಇನ್ನೂ ನಿಮ್ಮ ಜೊತೆಗಿದ್ದರೆ ಕನ್ನಡಕ ಕೊಟ್ಟು, ಕುರ್ಚಿ ಎಳೆದು, ಮೊದಲ ಹೊಲಿಗೆಯನ್ನು ಅವರ ಕೈಯಲ್ಲೇ ಹಾಕಿಸಿ. ಎರಡನೆಯದು ನಿಮ್ಮದು.